ಒಂದೇ ಹೆಸರಿನ ಹಲವು ಪೀನಸಗಳು



ನೆಗಡಿಯು ಬಂದು ವಾರವೊಂದರಲ್ಲಿ ತಾನಾಗಿ ಹೋದರೆ ಅದರ ಮಾತನ್ನು ಯಾರೂ ಎತ್ತುವುದಿಲ್ಲ. ಆದರೆ ಮೂಗು ಕಟ್ಟಿಕೊಂಡು, ಲೋಳೆಯು ಗಂಟಲಿನ ಹಿಂದಕ್ಕೆ ಇಳಿಯುತ್ತ, ಹಣೆ ಕೆನ್ನೆಗಳು ಭಾರವಾಗಿ, ಮಲ್ಲಿಗೆಯ ಪರಿಮಳವೂ ಒಗ್ಗರಣೆಯ ಘಮವೂ ತಿಳಿಯದಂತಾಗಿ, ಈ ಅವಸ್ಥೆಯು 12 ವಾರಗಳನ್ನು ಮೀರಿ ಮುಂದುವರಿದಾಗ, ನಮ್ಮ ಹಿರಿಯರು ಪೀನಸವೆಂದೂ ಇಂದಿನ ವೈದ್ಯರು ದೀರ್ಘಕಾಲಿಕ ಸೈನಸ್ ಉರಿಯೂತವೆಂದೂ ಕರೆಯುವ ವ್ಯಾಧಿಯು ಅಲ್ಲಿ ನೆಲೆಸಿತೆಂದೇ ತಿಳಿಯಬೇಕು. ಇಬ್ಬರು ರೋಗಿಗಳು ಒಂದೇ ಬಗೆಯ ಲಕ್ಷಣಗಳನ್ನು ಹೇಳಿಕೊಳ್ಳಬಹುದು, ಇಬ್ಬರ ಚೀಟಿಯಲ್ಲಿಯೂ ಒಂದೇ ಹೆಸರು ಬರೆಯಲ್ಪಡಬಹುದು. ಆದರೂ ಅವರ ಮೂಗಿನೊಳಗೆ ನಡೆಯುತ್ತಿರುವ ಉರಿಯೂತವು ಬೇರೆ ಬೇರೆ ಮೂಲದಿಂದ ಹುಟ್ಟಿ, ಬೇರೆ ಬೇರೆ ಔಷಧಕ್ಕೆ ಮಣಿಯುವಂಥದಾಗಿರಬಹುದು.

ನಮ್ಮ ಕೆನ್ನೆಯ ಎಲುಬಿನೊಳಗಿರುವ ಗಾಳಿಯ ಕುಹರಕ್ಕೆ ಮೂಗಿನ ಕಡೆಗೊಂದು ಸಣ್ಣ ದ್ವಾರವುಂಟು. ಆ ದ್ವಾರವು ತಳದಲ್ಲಿಲ್ಲ, ಒಳಗೋಡೆಯ ಮೇಲ್ಭಾಗದಲ್ಲಿದೆ. ಕುಹರದ ಒಳಪೊರೆಯನ್ನು ಮುಚ್ಚಿರುವ, ಕಣ್ಣಿಗೆ ಕಾಣದ ಸೂಕ್ಷ್ಮ ರೋಮಗಳು ಎಡೆಬಿಡದೆ ಬಡಿಯುತ್ತ, ಭೂಮಿಯ ಸೆಳೆತಕ್ಕೆ ವಿರುದ್ಧವಾಗಿ, ಲೋಳೆಯನ್ನು ಮೇಲಕ್ಕೆ ಒಯ್ದು ಆ ದ್ವಾರದಿಂದಲೇ ಹೊರದೂಡುವುವು. ಆಸ್ಟ್ರಿಯದ ಗ್ರಾತ್ಸ್ ನಗರದ ವೈದ್ಯ ಮೆಸರ್‌ಕ್ಲಿಂಗರ್ ಈ ಪ್ರವಾಹವನ್ನು ಬಹುಕಾಲ ಪರಿಶೀಲಿಸಿ, ಕೆಳಗೆ ಮತ್ತೊಂದು ರಂಧ್ರವನ್ನು ಕೊರೆದರೂ ಲೋಳೆಯು ಅದನ್ನು ಬಳಸಿಕೊಂಡು ತನ್ನ ಸಹಜ ದ್ವಾರಕ್ಕೇ ಸಾಗುವುದೆಂದು ತೋರಿಸಿದನು. ಆ ದ್ವಾರ ಮುಚ್ಚಿತು, ಲೋಳೆ ನಿಂತಿತು, ರೋಗಾಣು ಬೆಳೆಯಿತು. ಆದುದರಿಂದ ದ್ವಾರವನ್ನು ತೆರೆದು ರೋಗಾಣುವನ್ನು ಕೊಂದರೆ ರೋಗವು ಮುಗಿಯಿತೆಂಬ ತರ್ಕವು ಬಹುಮಂದಿಯ ವಿಷಯದಲ್ಲಿ ನಿಜವೂ ಆಯಿತು. ಆದರೆ ಕೆಲವರಲ್ಲಿ ಎಷ್ಟೇ ನಿಪುಣವಾಗಿ ಶಸ್ತ್ರಚಿಕಿತ್ಸೆ ಮಾಡಿದರೂ ಮೂಗಿನ ದುರ್ಮಾಂಸವು, ಸಿಪ್ಪೆ ಸುಲಿದ ದ್ರಾಕ್ಷಿಯಂತೆ ನಸುಬೂದು ಬಣ್ಣದಲ್ಲಿ ಹೊಳೆಯುತ್ತ, ಮತ್ತೆ ಮತ್ತೆ ಬೆಳೆಯಿತು.

ಇದರ ಕಾರಣವನ್ನು ಆ ದುರ್ಮಾಂಸದ ಒಳಗೇ ಹುಡುಕಬೇಕಾಯಿತು. ನಮ್ಮ ದೇಹವು ಶತ್ರುವಿನ ಸ್ವರೂಪವನ್ನರಿತು ಮೂರು ಬಗೆಯಾಗಿ ಹೋರಾಡುತ್ತದೆ: ಜೀವಕೋಶದೊಳಕ್ಕೆ ನುಗ್ಗುವ ವೈರಸ್ಸಿನಂಥವುಗಳಿಗೆ ಮೊದಲನೆಯ ಬಗೆ, ಜಂತುಹುಳುಗಳಿಗೆ ಎರಡನೆಯದು, ಕೋಶಗಳ ಹೊರಗೇ ಉಳಿಯುವ ಬ್ಯಾಕ್ಟೀರಿಯ ಮತ್ತು ಶಿಲೀಂಧ್ರಗಳಿಗೆ ಮೂರನೆಯದು. ಪೀನಸದಲ್ಲಿ ಈ ಮೂರರಲ್ಲಿ ಯಾವುದಾದರೂ, ಕೆಲವೊಮ್ಮೆ ಒಂದಕ್ಕಿಂತ ಹೆಚ್ಚು, ಶಮನವನ್ನರಿಯದೆ ಉರಿಯುತ್ತಲೇ ಇರುತ್ತದೆ. ಮೂರನೆಯ ಬಗೆಯಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿಯ ರಕ್ತಕಣಗಳ ಸಂದಣಿ. ಎರಡನೆಯದರಲ್ಲಿ ಇಯೋಸಿನೋಫಿಲ್ ಕಣಗಳದು. ಹುಳುವೇ ಇಲ್ಲದ ಮೂಗಿನಲ್ಲಿ ಹುಳುವಿನ ಮೇಲೆ ಹೂಡಬೇಕಾದ ಸಮರವು ನಡೆಯುವುದೆಂಬುದೇ ಈ ಎರಡನೆಯ ಬಗೆಯ ವೈಪರೀತ್ಯ. ಅಂಥವರ ಗಟ್ಟಿಲೋಳೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ, ಎರಡು ತುದಿಯೂ ಚೂಪಾದ, ಸೂಜಿಯಂಥ, ಬಣ್ಣವಿಲ್ಲದ ಹರಳುಗಳು ಕಾಣಸಿಗುವುದುಂಟು. ವೈದ್ಯ ಶಾರ್ಕೊ 1853ರಲ್ಲಿಯೂ, ಉಬ್ಬಸದವರ ಕಫದಲ್ಲಿ ವೈದ್ಯ ಲೈಡನ್ 1872ರಲ್ಲಿಯೂ ಇವುಗಳನ್ನು ವರ್ಣಿಸಿದ್ದರು. ಸಾಯುವ ಇಯೋಸಿನೋಫಿಲ್‌ಗಳಿಂದ ಹೊರಬಿದ್ದ ಪ್ರೋಟೀನೊಂದು ಹೀಗೆ ಹರಳುಗಟ್ಟುವುದು. ನೂರಕ್ಕೂ ಹೆಚ್ಚು ವರ್ಷ ಇವನ್ನು ರೋಗದ ಅವಶೇಷವೆಂದೇ ಎಣಿಸಿದ್ದರು. ಬೆಲ್ಜಿಯಂನ ಗೆಂಟ್ ನಗರದ ವಿಜ್ಞಾನಿಗಳು 2019ರಲ್ಲಿ, ಈ ಹರಳುಗಳು ತಾವೇ ಉರಿಯೂತವನ್ನು ಕೆರಳಿಸಬಲ್ಲುವೆಂದು ಪ್ರಯೋಗದಿಂದ ತೋರಿಸಿದರು.

ಅದೇ ಗೆಂಟ್ ನಗರದ ವಿಜ್ಞಾನಿಗಳ ನೇತೃತ್ವದಲ್ಲಿ ಯೂರೋಪಿನ ಹಲವು ಆಸ್ಪತ್ರೆಗಳು ಕೂಡಿ, 173 ರೋಗಿಗಳ ಅಂಗಾಂಶವನ್ನು ಪರೀಕ್ಷಿಸಿ, ದುರ್ಮಾಂಸವಿದೆಯೋ ಇಲ್ಲವೋ ಎಂಬುದನ್ನು ಬದಿಗಿಟ್ಟು, ಕೇವಲ ಉರಿಯೂತದ ರಾಸಾಯನಿಕಗಳ ಆಧಾರದಿಂದಲೇ ಅವರನ್ನು ವಿಂಗಡಿಸಿದಾಗ 10 ಗುಂಪುಗಳಾದುವೆಂದು 2016ರಲ್ಲಿ ಪ್ರಕಟಿಸಿದುವು. ಅವುಗಳಲ್ಲಿ 4 ಗುಂಪುಗಳಲ್ಲಿ, ಇಯೋಸಿನೋಫಿಲ್‌ಗಳನ್ನು ಪೋಷಿಸುವ ಇಂಟರ್‌ಲ್ಯೂಕಿನ್-5 ಎಂಬ ವಸ್ತುವು ಇಲ್ಲವೆನ್ನುವಷ್ಟು ಅಲ್ಪವಾಗಿತ್ತು; ಅದು ಅತಿಯಾಗಿದ್ದ ಕಡೆಯಲ್ಲಿ ದುರ್ಮಾಂಸವೂ ಉಬ್ಬಸವೂ ಜೊತೆಜೊತೆಯಾಗಿ ಹೆಚ್ಚಿದ್ದುವು. ದಕ್ಷಿಣ ಚೀನದ ರೋಗಿಗಳ ದುರ್ಮಾಂಸವು ಬೆಲ್ಜಿಯಂನವರದಕ್ಕಿಂತ ಭಿನ್ನವಾಗಿ, ನ್ಯೂಟ್ರೋಫಿಲ್ ಪ್ರಧಾನವಾಗಿರುವುದು ಅದಕ್ಕೂ ಮೊದಲೇ ಕಂಡಿತ್ತು. ಇದು ಜನಾಂಗದ ಭೇದವೇ ಇರಬೇಕೆಂದು ನಿರ್ಣಯಿಸಹೊರಟವರಿಗೆ ಥಾಯ್ಲೆಂಡ್ ಅಡ್ಡಬಂದಿತು: ಸುಮಾರು 12 ವರ್ಷಗಳ ಅಂತರದಲ್ಲಿ ತೆಗೆದ ದುರ್ಮಾಂಸಗಳನ್ನು ಹೋಲಿಸಿದಾಗ, ಅದೇ ಪ್ರದೇಶದ ಜನರಲ್ಲಿಯೇ ಉರಿಯೂತವು ಇಯೋಸಿನೋಫಿಲ್ ಕಡೆಗೆ ವಾಲಿತ್ತು. ಇಷ್ಟು ಅಲ್ಪಕಾಲದಲ್ಲಿ ವಂಶಗುಣವು ಬದಲಾಗದು. ಬದುಕಿನ ಪರಿಸರವೇ ಬದಲಾಗಿರಬೇಕು.

ಈ ವಿಭೇದವು ಪಂಡಿತರ ಕುತೂಹಲಕ್ಕೆ ಮಾತ್ರ ಸಂಬಂಧಿಸಿದ್ದೆಂದು ಭಾವಿಸಬೇಡಿರಿ. ಪೀನಸದ ಒಡಹುಟ್ಟಾದ ಉಬ್ಬಸದಲ್ಲಿ ಇಂಟರ್‌ಲ್ಯೂಕಿನ್-5ನ್ನು ತಡೆಯುವ ಮೆಪೊಲಿಜುಮ್ಯಾಬ್ ಎಂಬ ಮದ್ದನ್ನು ಮೊದಲು ಎಲ್ಲ ಬಗೆಯ ರೋಗಿಗಳಿಗೂ ಕೊಟ್ಟು ನೋಡಿದಾಗ ಗಣನೀಯ ಪ್ರಯೋಜನವು ಕಾಣಲಿಲ್ಲ. ಇಯೋಸಿನೋಫಿಲ್ ಹೆಚ್ಚಿದ್ದವರನ್ನೇ ಆರಿಸಿ ಕೊಟ್ಟಾಗ, 2009ರಲ್ಲಿ, ಅದೇ ಮದ್ದು ಅವರ ಉಬ್ಬಸದ ಉಲ್ಬಣಗಳನ್ನು ಸ್ಪಷ್ಟವಾಗಿ ತಗ್ಗಿಸಿತು. ಮದ್ದು ಕೆಟ್ಟದಾಗಿರಲಿಲ್ಲ, ಅದನ್ನು ಕೊಟ್ಟ ಗುಂಪು ಕಲಬೆರಕೆಯಾಗಿತ್ತು. ದುರ್ಮಾಂಸವುಳ್ಳ ಪೀನಸಕ್ಕೆ, ಇಂಟರ್‌ಲ್ಯೂಕಿನ್ 4 ಮತ್ತು 13ರ ಸಂದೇಶವನ್ನು ತಡೆಯುವ ಡುಪಿಲುಮ್ಯಾಬ್ ಚುಚ್ಚುಮದ್ದಿಗೆ ಅಮೆರಿಕದಲ್ಲಿ 2019ರಲ್ಲಿ ಅನುಮತಿ ದೊರೆಯಿತು. ವರ್ಷಗಟ್ಟಲೆ ವಾಸನೆಯನ್ನೇ ಅರಿಯದವರಲ್ಲಿ ಹಲವರಿಗೆ ಅದು ಮರಳಿತು. ಇಂಥ ಮದ್ದುಗಳು ಬಹಳ ದುಬಾರಿ. ಉಪ್ಪುನೀರಿನಿಂದ ಮೂಗು ತೊಳೆಯುವುದೂ ಸ್ಟಿರಾಯ್ಡ್ ಸಿಂಪಡಿಕೆಯೂ ಇಂದಿಗೂ ಚಿಕಿತ್ಸೆಯ ಮೊದಲ ಮೆಟ್ಟಿಲಾಗಿವೆ. ಆದರೆ ಎರಡನೆಯ ಬಗೆಯ ಉರಿಯೂತದಿಂದ ಬಳಲುವವರು ತಿಂಗಳಿಗೊಮ್ಮೆ ಔಷಧದಂಗಡಿಯಲ್ಲಿ ತಾವಾಗಿಯೇ, ಆ ಉರಿಯೂತದ ಮೂಲವನ್ನು ಮುಟ್ಟದ ಆ್ಯಂಟಿಬಯೋಟಿಕ್ ಕೇಳಿ ಪಡೆದು ನುಂಗುವುದನ್ನು ನೆನೆದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ದುರ್ಮಾಂಸದೊಡನೆ ಉಬ್ಬಸವಿರುವುದು, ವಾಸನೆ ಪೂರ್ತಿ ಹೋಗಿರುವುದು, ಆಸ್ಪಿರಿನ್ ನುಂಗಿದ ಕೆಲಹೊತ್ತಿನಲ್ಲಿ ಉಸಿರು ಕಟ್ಟುವುದು ಇವೆಲ್ಲ ಎರಡನೆಯ ಬಗೆಯ ಸೂಚನೆಗಳು. ಇವುಗಳಲ್ಲಿ ಯಾವುದಿದ್ದರೂ ವೈದ್ಯರಿಗೆ ಮೊದಲೇ ಹೇಳತಕ್ಕದ್ದು. ಶಸ್ತ್ರಚಿಕಿತ್ಸೆಯಾದರೆ, ತೆಗೆದ ಮಾಂಸದಲ್ಲಿ ಇಯೋಸಿನೋಫಿಲ್‌ಗಳನ್ನು ಎಣಿಸಿ ವರದಿ ಕೊಡುವಂತೆ ಕೇಳಬಹುದು. ಸೂಕ್ಷ್ಮದರ್ಶಕದ ಒಂದು ನೋಟದಲ್ಲಿ 10 ಇದ್ದರೆ ಎರಡನೆಯ ಬಗೆಯೆನ್ನಲು ಸಾಕೆಂದು ಯೂರೋಪಿನ ತಜ್ಞರು 2020ರಲ್ಲಿ ಬರೆದರು. ಜಪಾನಿನವರು 2015ರಲ್ಲಿ 70 ಬೇಕೆಂದಿದ್ದರು. ಒಂದು ಬಗೆಯು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ತೊಡಗುವುದೆಂಬ ಗಡಿಯನ್ನು ಎಲ್ಲರೂ ಒಪ್ಪುವಂತೆ ಗುರುತಿಸುವ ಕೆಲಸವು ಇನ್ನೂ ನಡೆಯುತ್ತಿದೆ.