ಕಡಲ ತಳದ ಲೆಕ್ಕ

(ಸಂಘದ ವಾಚನಾಲಯದಲ್ಲಿ ಮಾಡಿದ ಭಾಷಣ)



ಕಲಬುರಗಿ, ರಾಯಚೂರು, ಬೀದರಿನ ಕಡೆಯಿಂದ ಹೊಟ್ಟೆಪಾಡಿಗಾಗಿ ಹೈದರಾಬಾದಿಗೆ ಬಂದ ನಮ್ಮಲ್ಲಿ ಹಲವರು ಕಂಡ ಸಾಗರವೆಂದರೆ ಹುಸೇನ್ ಸಾಗರವೊಂದೇ. ಆದರೂ ಹಿಂದೂ ಮಹಾಸಾಗರದ ಕಾವಲು ನಡೆಯುವುದು ಇದೇ ಊರಿನ ಪ್ರಗತಿನಗರದಲ್ಲಿ. ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವೆಂಬ ಸಂಸ್ಥೆ 1999ರಲ್ಲಿ ಹೈದರಾಬಾದಿನಲ್ಲಿ ಸ್ಥಾಪನೆಯಾಯಿತು. ‘ಇನ್‌ಕಾಯ್ಸ್’ ಎಂಬುದು ರೂಢಿಯ ಹೆಸರು. ಕಡಲಿಲ್ಲದ ಊರಿನಲ್ಲಿ ಕಡಲಿನ ಕಚೇರಿಯೇ ಎಂದು ನಾವು ನಗಬಹುದು. ಅಲ್ಲಿಗೆ ಅಂಕಿಗಳು ಬಂದರೆ ಸಾಕು, ನೀರು ಬರಬೇಕಿಲ್ಲ.

ಈ ಅಂಕಿಗಳು ಹುಟ್ಟುವ ಬಗೆಯನ್ನು ತುಸು ನೋಡೋಣ. ಹಿಂದೆ ನಾವಿಕರು ಹಗ್ಗಕ್ಕೆ ಸೀಸದ ಗುಂಡು ಕಟ್ಟಿ ಇಳಿಬಿಟ್ಟು, ಆಳವನ್ನು ಮಾರಿನ ಲೆಕ್ಕದಲ್ಲಿ ಎಣಿಸುತ್ತಿದ್ದರು. ಗುಂಡಿನ ಅಡಿಗೆ ಕೊಬ್ಬು ಮೆತ್ತಿದರೆ ತಳದ ಮರಳೋ ಕೆಸರೋ ಅಂಟಿ ಬರುತ್ತಿತ್ತು. ಇಂದು ಹಗ್ಗದ ಕೆಲಸವನ್ನು ಶಬ್ದ ಮಾಡುತ್ತದೆ. ಹಡಗಿನ ಅಡಿಯಲ್ಲಿ ಕೂರಿಸಿದ ಸೋನಾರ್ ಯಂತ್ರ ಒಂದು ಧ್ವನಿಯನ್ನು ಕೆಳಕ್ಕೆ ಬಿಡುತ್ತದೆ. ಅದು ತಳಕ್ಕೆ ಬಡಿದು ಪ್ರತಿಧ್ವನಿಯಾಗಿ ಮರಳುತ್ತದೆ. ಕಡಲ ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1500 ಮೀಟರು. 4000 ಮೀಟರು ಆಳವಿದ್ದರೆ ಹೋಗಿ ಬರಲು ಐದು ಸೆಕೆಂಡಿಗೂ ತುಸು ಹೆಚ್ಚು ಹಿಡಿಯುತ್ತದೆ. ‘ಮಲ್ಟಿಬೀಮ್’ ಎಂಬ ಬಗೆಯ ಯಂತ್ರವು ಬೀಸಣಿಗೆಯಂತೆ ಹರಡಿದ ನೂರಾರು ಧ್ವನಿರೇಖೆಗಳಿಂದ ಒಂದೇ ಸಲಕ್ಕೆ ಅಗಲವಾದ ಪಟ್ಟಿಯನ್ನೇ ಅಳೆಯುತ್ತದೆ.

ಗುಮಾಸ್ತರಾದ ನಮಗೆ ಹೆಚ್ಚು ಹಿಡಿಸುವ ಸಂಗತಿ ಮುಂದಿನದು. ಮಿಲ್ಲಿನಲ್ಲಿ ಹತ್ತಿಯ ಅಂಡಿಗೆ ತೂಗಿದಾಗ ಬಾರದಾನ ಕಳೆಯದೆ ತೂಕ ಬರೆದರೆ ಲೆಕ್ಕ ಕೆಟ್ಟಂತೆಯೇ. ಹಡಗಿನಲ್ಲೂ ಹಾಗೆಯೇ. ಅಲೆಗೆ ಹಡಗು ಓಲಾಡುತ್ತದೆ, ಏರುತ್ತದೆ, ಇಳಿಯುತ್ತದೆ. ಆ ಓಲಾಟವನ್ನು ಬೇರೊಂದು ಉಪಕರಣ ಕ್ಷಣಕ್ಷಣವೂ ಬರೆದಿಡುತ್ತದೆ. ನೀರಿನ ಬಿಸಿ, ಉಪ್ಪು, ಆಳಗಳು ಬದಲಾದಂತೆ ಶಬ್ದದ ವೇಗವೂ ಬದಲಾಗುವುದರಿಂದ, ಅದನ್ನೂ ನೀರಿಗೆ ಸಾಧನವಿಳಿಸಿ ಅಳೆಯಬೇಕು. ಹಡಗು ಇರುವ ಸ್ಥಳ ಉಪಗ್ರಹಗಳ ನೆರವಿನಿಂದ ತಿಳಿಯುತ್ತದೆ. ಇಷ್ಟನ್ನೂ ಗಣಕಯಂತ್ರವು ಒಂದೇ ಗಡಿಯಾರಕ್ಕೆ ಹೊಂದಿಸಿ ದಾಖಲಿಸಿದಾಗ ಮಾತ್ರ ಆ ಆಳ ನಂಬತಕ್ಕದ್ದು. ವೇಳೆ ತಪ್ಪಿದ ನಮೂದು ಎಷ್ಟು ದುಬಾರಿ ಯಂತ್ರದಿಂದ ಬಂದರೂ ನಿರರ್ಥಕ.

ಈ ಲೆಕ್ಕದ ಮೇಲೆ ಜನರ ಪ್ರಾಣ ನಿಂತಿದೆ. 2004ರ ಡಿಸೆಂಬರ್ 26ರ ಬೆಳಿಗ್ಗೆ ಸುಮಾತ್ರದ ಬಳಿ ಭೂಕಂಪವಾಗಿ ಸುನಾಮಿ ಎದ್ದಿತು. ಅಲೆ ತಮಿಳುನಾಡಿನ ಕರಾವಳಿಗೆ ಬರಲು ಎರಡು ಗಂಟೆಗೂ ಹೆಚ್ಚು ಹಿಡಿಯಿತು. ಅಷ್ಟು ಹೊತ್ತಿದ್ದರೂ ಎಚ್ಚರಿಸುವ ಏರ್ಪಾಡು ನಮ್ಮಲ್ಲಿರಲಿಲ್ಲ. ಭಾರತದಲ್ಲೇ ಹತ್ತು ಸಾವಿರಕ್ಕೂ ಮೀರಿ ಜನ ಸತ್ತರು. ಅದಾದ ಮೇಲೆ, 2007ರ ಅಕ್ಟೋಬರಿನಲ್ಲಿ, ಇಲ್ಲಿಯ ಸುನಾಮಿ ಮುನ್ನೆಚ್ಚರಿಕೆ ಕೇಂದ್ರ ಕೆಲಸ ಆರಂಭಿಸಿತು. ಸುನಾಮಿಯ ವೇಗ ಕಡಲಿನ ಆಳವನ್ನು ಅವಲಂಬಿಸಿದೆ. 4000 ಮೀಟರು ಆಳದಲ್ಲಿ ಅದು ಗಂಟೆಗೆ ಸುಮಾರು 700 ಕಿಲೋಮೀಟರು. ಆಳ ಕಡಿಮೆಯಾದಂತೆ ವೇಗ ತಗ್ಗಿ ಅಲೆ ಎತ್ತರವಾಗುತ್ತದೆ. ತಳದ ನಕ್ಷೆ ತಪ್ಪಿದರೆ ಅಲೆ ಬರುವ ವೇಳೆಯ ಲೆಕ್ಕವೂ ತಪ್ಪುತ್ತದೆ.

ಇನ್ನು ಅಲೆ ನಿಜವಾಗಿ ಎದ್ದಿದೆಯೋ ಇಲ್ಲವೋ ತಿಳಿಯಲು ಕಡಲ ತಳದಲ್ಲಿ ಒತ್ತಡಮಾಪಕಗಳನ್ನು ಇರಿಸುತ್ತಾರೆ. ಮೇಲಿನ ನೀರು ಒಂದೆರಡು ಸೆಂಟಿಮೀಟರು ಏರಿದರೂ ಅವು ಅರಿಯಬಲ್ಲವು. ಶಬ್ದದ ಮೂಲಕವೇ ಮೇಲೆ ತೇಲುವ ಬೋಯ್‌ಗೆ ಸುದ್ದಿ ಕೊಡುತ್ತವೆ. ಬೋಯ್‌ನಿಂದ ಉಪಗ್ರಹಕ್ಕೆ, ಅಲ್ಲಿಂದ ನೆಲಕ್ಕೆ. 2012ರ ಏಪ್ರಿಲ್ 11ರಂದು ಸುಮಾತ್ರದ ಬಳಿ 8.6 ಪ್ರಮಾಣದ ಕಂಪನವಾದರೂ ದೊಡ್ಡ ಅಲೆ ಏಳಲಿಲ್ಲ. ಅಂಥ ದಿನ ಜನರನ್ನು ಮನೆಬಿಟ್ಟು ಓಡಿಸಬೇಕೋ ಬೇಡವೋ ಎಂಬುದನ್ನು ಇಂಥ ಅಂಕಿಗಳೇ ಹೇಳಬೇಕು.

ಆ ಬೋಯ್‌ಗಳಿಗೆ ಮೀನುದೋಣಿ ಕಟ್ಟುವುದರಿಂದಲೂ ಬಿಡಿಭಾಗ ಕೀಳುವುದರಿಂದಲೂ ಅವು ಕೆಟ್ಟು ನಿಂತದ್ದುಂಟು. ಮಂಗಳೂರು, ಮಲ್ಪೆ, ಕಾರವಾರದ ಕಡೆ ನೆಂಟರಿಷ್ಟರಿರುವವರು ಈ ಮಾತನ್ನು ಅವರ ಕಿವಿಗೆ ಹಾಕಿರಿ. ಮೀನು ಸಿಗುವ ತಾಣಗಳ ಸೂಚನೆಯನ್ನು ಅವರಿಗೆ ಕನ್ನಡದಲ್ಲಿಯೂ ಒದಗಿಸುವುದು ಇದೇ ಕೇಂದ್ರವೆಂದು ಸೇರಿಸಿದರೆ ಇನ್ನೂ ಬೇಗ ಕೇಳಿಯಾರು.