ಗುಂಡಿನ ಕಬ್ಬಿಣ ಗುಂಡಿ ತೋಡಿತು

ಮೆಕ್ಸಿಕೋ ಅಂದ ತಕ್ಷಣ ನಮ್ಮ ನ್ಯೂಸ್ ರೂಮಿಗೆ ನೆನಪಾಗೋದು ಎರಡೇ. ಡ್ರಗ್ಸ್ ಗ್ಯಾಂಗು, ಬಂದೂಕು. ಇಷ್ಟು ಜನ ಸತ್ತರು ಅಂತ ಸ್ಕ್ರೋಲ್ ಓಡಿಸ್ತೀವಿ, ಬ್ರೇಕ್ ತಗೋತೀವಿ, ವಾಪಸ್ ಬಂದು ಕ್ರಿಕೆಟ್ ಸ್ಕೋರ್ ಹೇಳ್ತೀವಿ. ನಾನೂ ಅದನ್ನೇ ಮಾಡಿದವನು.

ಅಲ್ಲಿ ಸಿನಲೋವಾ ರಾಜ್ಯದ ರಾಜಧಾನಿ ಕೂಲಿಯಾಕಾನ್. ಬಂದೂಕಿಗೆ ಲೆಕ್ಕವಿಲ್ಲದಷ್ಟು ಜನರನ್ನು ಕಳೆದುಕೊಂಡ ಊರು. 2008ರಲ್ಲಿ ಪೆದ್ರೊ ರೆಯೆಸ್ ಎಂಬ ಕಲಾವಿದ ಇಲ್ಲೊಂದು ಕೆಲಸಕ್ಕೆ ಕೈ ಹಾಕಿದರು. 'ನಿಮ್ಮ ಮನೆಯಲ್ಲಿರೋ ಬಂದೂಕು ಕೊಡಿ, ಗೃಹೋಪಯೋಗಿ ವಸ್ತು ಕೊಳ್ಳೋಕೆ ಕೂಪನ್ ತಗೊಳ್ಳಿ' ಅಂತ ಜನರನ್ನ ಕೇಳಿಕೊಂಡರು. ಬಂದವು ಎಷ್ಟು ಗೊತ್ತಾ? 1,527 ಬಂದೂಕು! ಎಲ್ಲವನ್ನೂ ಸೇನಾ ನೆಲೆಗೆ ಒಯ್ದು ರೋಡ್ ರೋಲರ್ ಹತ್ತಿಸಿ ಜಜ್ಜಿದರು. ಕುಲುಮೆಯಲ್ಲಿ ಕರಗಿಸಿದರು. ಆ ಲೋಹದಿಂದ ಅಷ್ಟೇ ಸಂಖ್ಯೆಯ ಸಲಿಕೆ ಮಾಡಿಸಿದರು. ಒಂದೊಂದು ಸಲಿಕೆಗೂ ಒಂದೊಂದು ಗಿಡ ನೆಡಬೇಕು, ಇದು ಲೆಕ್ಕ. ಶಾಲೆ ಮಕ್ಕಳು ಆ ಸಲಿಕೆ ಹಿಡಿದು ಗಿಡ ನೆಟ್ಟರು. ನಿನ್ನೆ ಗುಂಡು ಹಾರಿಸಿದ ಕಬ್ಬಿಣ, ಇವತ್ತು ಗುಂಡಿ ತೋಡಿತು. ಹೆಣಕ್ಕಲ್ಲ, ಗಿಡಕ್ಕೆ.

ಇನ್ನೊಂದು ಊರು ಸಿಯುದಾದ್ ಹುವಾರೆಸ್. ತೊಂಬತ್ತರ ದಶಕದಿಂದ ಹೆಣ್ಣುಮಕ್ಕಳು ಕಾಣೆಯಾಗ್ತಾ, ಕೊಲೆಯಾಗ್ತಾ ಬಂದ ಊರು. 2009ರಲ್ಲಿ ಎಲಿನಾ ಚೋವೆಟ್ ಎಂಬ ಕಲಾವಿದೆ ಅಲ್ಲಿ 33 ಜೊತೆ ಕೆಂಪು ಚಪ್ಪಲಿ, ಶೂಗಳನ್ನು ಬೀದಿಯಲ್ಲಿ ಸಾಲಾಗಿ ಇಟ್ಟರು. ಅಷ್ಟೇ. ಮಾತಿಲ್ಲ, ಭಾಷಣವಿಲ್ಲ. ಪಾದರಕ್ಷೆ ಇದೆ, ಪಾದ ಇಲ್ಲ. ಆಕೆಯ ಸ್ವಂತ ತಂಗಿಯೇ ಮನೆಯೊಳಗಿನ ಹಿಂಸೆಗೆ ಬಲಿಯಾದವಳು. ಆಮೇಲೆ ಆ ಕೆಂಪು ಸಾಲು ದೇಶ ದೇಶಗಳ ಬೀದಿಗೆ ಬಂತು.

ಕೆಲವರು ಕೇಳಬಹುದು, ಇದರಿಂದ ಕೊಲೆ ನಿಲ್ತಾ ಸ್ವಾಮಿ? ಇಲ್ಲ, ನಿಲ್ಲಲಿಲ್ಲ. ಸುಳ್ಳು ಯಾಕೆ ಹೇಳಲಿ? ಆದರೆ ನಾವು ಮನುಷ್ಯರನ್ನು ಸಂಖ್ಯೆ ಮಾಡ್ತೀವಿ, ಇವರು ಸಂಖ್ಯೆಯನ್ನು ಮತ್ತೆ ಮನುಷ್ಯರನ್ನಾಗಿ ಮಾಡಿದರು. ಕೊಲೆಗೆ ಒಗ್ಗಿಹೋದ ಊರಿಗೆ ಅದು ಸಣ್ಣ ಕೆಲಸ ಅಲ್ಲ.

ಕೊನೆಗೆ ಒಂದು ಮಾತು. ಕೂಲಿಯಾಕಾನ್‌ನಲ್ಲಿ ಬಂದೂಕು ಕೊಡಿ ಅಂತ ಜನರಿಗೆ ಮನವಿ ತಲುಪಿಸಿದ್ದು ಯಾವುದು ಗೊತ್ತಾ? ಅಲ್ಲಿನ ಲೋಕಲ್ ಟಿವಿ ಚಾನೆಲ್‌ನ ಜಾಹೀರಾತು. ಅಂದ್ರೆ ಈ ಪೆಟ್ಟಿಗೆಯಿಂದ ಅದೂ ಸಾಧ್ಯ. ಇಲ್ಲಿ ಕೂತು ದಿನಾ ಗಂಟಲು ಹರಿದುಕೊಳ್ಳೋ ನಾನು ಇದನ್ನ ಮೊದಲು ನನಗೇ ಹೇಳಿಕೊಳ್ತಿದ್ದೀನಿ.