ಹಾದಿಗೆ ತಕ್ಕ ಸ್ಪ್ರಿಂಗು

ಸವಣೂರು, ಶಿಗ್ಗಾವಿಗಳ ಎರೆಹೊಲಗಳ ನಡುವಿನ ಹಾದಿ ಬೇಸಿಗೆಯಲ್ಲಿ ಒಂದು ಬಗೆ, ಮಳೆಗಾಲದಲ್ಲಿ ಇನ್ನೊಂದು ಬಗೆ. ಎರೆಮಣ್ಣು ಒಣಗಿದಾಗ ಬಿರಿಯುತ್ತದೆ, ನೆನೆದಾಗ ಉಬ್ಬುತ್ತದೆ. ಮೇಲಿನ ಡಾಂಬರು ಅದರೊಡನೆ ಅಲೆಯಲೆಯಾಗಿ ಏಳುತ್ತದೆ. ಹಾನಗಲ್ಲ, ಹಿರೇಕೆರೂರುಗಳ ಕೆಂಪು ನೆಲದತ್ತ ತಿರುಗಿದರೆ ಮಳೆನೀರು ಕೊರೆದ ಕುಳಿಗಳು, ಅವುಗಳ ಚೂಪಾದ ಅಂಚುಗಳು.

ಇಂಥ ಹಾದಿಗಳಿಗೆಂದು ನನ್ನ ಪರಿಚಯದ ತರುಣನೊಬ್ಬ ಲೋಟಸ್ ಸೆವೆನ್ ಎಂಬ ಇಂಗ್ಲಿಷ್ ಸ್ಪೋರ್ಟ್ಸ್ ಕಾರಿನ ಪ್ರತಿಕೃತಿಯನ್ನು ಕಟ್ಟುತ್ತಿದ್ದಾನೆ. ಕಾಲಿನ್ ಚಾಪ್‌ಮನ್ 1957ರಲ್ಲಿ ಹೊರತಂದ ಆ ಕಾರಿನ ತೂಕ ಸುಮಾರು 500 ಕಿಲೋ. ಬಿಡಿಭಾಗಗಳನ್ನು ಕೊಂಡು ಮನೆಯಲ್ಲೇ ಜೋಡಿಸಿಕೊಳ್ಳುವಂತೆಯೂ ಅದನ್ನು ಮಾರುತ್ತಿದ್ದರು. ಕೊಳವೆಗಳ ಚೌಕಟ್ಟು, ತಗಡಿನ ಮೈ. ನೋಡಿ ಅನುಕರಿಸುವುದು ಅಷ್ಟೇನೂ ಕಷ್ಟವಲ್ಲ. ಗಾಲಿಯನ್ನು ಚೌಕಟ್ಟಿಗೆ ತೂಗುಹಾಕುವ ಏರ್ಪಾಡು, ಅಂದರೆ ಸಸ್ಪೆನ್ಷನ್ನು ಮಾತ್ರ ಅನುಕರಣೆಗೆ ಒಗ್ಗದು. ಇಂಗ್ಲೆಂಡಿನ ನುಣುಪು ಹಾದಿಗೆ ಹೊಂದಿಸಿದ್ದು ನಮ್ಮ ನೆಲಕ್ಕೆ ಹೊಂದಬೇಕೆಂಬ ನಿಯಮವೇನೂ ಇಲ್ಲವಲ್ಲ.

ತರುಣನ ಬಳಿ ಹಳೆಯ ಅಂಬಾಸಿಡರಿನ ಹಿಂದಿನ ಆಕ್ಸಲ್ಲೂ ಅದರ ಪಾಟಾಗಳೂ ಇದ್ದವು. ಗಟ್ಟಿಮುಟ್ಟು, ಅಗ್ಗ. ನಾನು ಬೇಡವೆಂದೆ. ಕೇಳುಗರು ನಮ್ಮ ಚಕ್ಕಡಿಯನ್ನು ನೆನೆಯಬೇಕು. ಅದರಲ್ಲಿ ಸ್ಪ್ರಿಂಗಿಲ್ಲ, ಗಾಲಿ ಕಲ್ಲಿಗೆ ಬಡಿದ ಪೆಟ್ಟು ಇರುಸಿನಿಂದ ನೊಗಕ್ಕೆ, ನೊಗದಿಂದ ಎತ್ತಿನ ಹೆಗಲಿಗೆ. ಟನ್ನು ಮೀರಿದ ಕಾರಿನ ಪಾಟಾ ಅದರ ಅರ್ಧ ತೂಕದ ಕಾರಿನಡಿಯಲ್ಲಿ ಬಾಗುವುದು ಅಷ್ಟಕ್ಕಷ್ಟೇ. ಲೆಕ್ಕ ಹೀಗಿದೆ: ಕಾರಿನ ಭಾರಕ್ಕೆ ಸ್ಪ್ರಿಂಗು 10 ಸೆಂಟಿಮೀಟರು ಕುಗ್ಗಿದರೆ ಮೈ ನಿಮಿಷಕ್ಕೆ ಸುಮಾರು 95 ಸಲ ತೂಗುತ್ತದೆ; 5 ಸೆಂಟಿಮೀಟರು ಕುಗ್ಗಿದರೆ 134 ಸಲ. ಮೊದಲನೆಯದನ್ನು ಬೆನ್ನು ಸಹಿಸೀತು, ಎರಡನೆಯದು ಚಕ್ಕಡಿಯ ದಾಯಾದಿ. ಮೇಲಾಗಿ, ಆಕ್ಸಲ್ಲೇ ಭಾರವಾದರೆ ಕುಳಿಯಿಂದ ಪುಟಿದೆದ್ದ ಗಾಲಿ ಹಗುರವಾದ ಮೈಯನ್ನೂ ಎತ್ತಿ ಒಗೆಯುತ್ತದೆ.

ಇನ್ನೊಂದು ಜಗಳ ಎತ್ತರದ್ದು. ಸೆವೆನ್ನಿನ ಅಡಿಯಲ್ಲಿ ಒಂದು ಗೇಣೂ ತೆರವಿಲ್ಲ. ನಮ್ಮೂರ ರಸ್ತೆಯುಬ್ಬುಗಳು ಅದರ ಹೊಟ್ಟೆಯನ್ನೇ ಕೆರೆದಾವು. ಚಿತ್ರದಲ್ಲಿದ್ದಷ್ಟೇ ತಗ್ಗಾಗಿರಬೇಕೆಂದು ಆತನ ಹಟ. ಬಿಗಿ ಸ್ಪ್ರಿಂಗು ಹಾಕಿ ಎತ್ತರಿಸುವುದು ಸುಲಭ, ಆದರೆ ಮತ್ತೆ ಚಕ್ಕಡಿಯೇ. ಮುಂಗಾಲಿಯ ತೋಳುಗಳು ಚೌಕಟ್ಟಿಗೆ ಕೂಡುವ ಕೀಲುಗಳನ್ನೇ ಕೆಳಗಿಳಿಸಿದರೆ ತೋಳುಗಳ ಓರೆ ಕೆಡದೆ ಚೌಕಟ್ಟು ಮೇಲೇಳುತ್ತದೆ. ತಿರುವಿನಲ್ಲಿ ಮೈ ತುಸು ಹೆಚ್ಚು ವಾಲೀತು, ವೇಗ ತಗ್ಗಿಸಿದರಾಯಿತು. ಎರೆಹಾದಿಯ ಅಲೆಗಳಿಗೆ ಶಾಕ್ ಅಬ್ಸಾರ್ಬರು ಚೆನ್ನಾಗಿರಬೇಕು. ಇಲ್ಲವಾದರೆ ಒಂದು ಅಲೆಯ ತೂಗಾಟ ನಿಲ್ಲುವ ಮೊದಲೇ ಇನ್ನೊಂದು ಬಂದಿರುತ್ತದೆ. (ನೋಂದಣಿಗೆ 1989ರ ಮೋಟಾರು ವಾಹನ ನಿಯಮಗಳ ಪರೀಕ್ಷೆ ಬೇರೆ ಇದೆ, ಆ ಕಥೆ ಇಲ್ಲಿ ಬೇಡ.)

ಅಂಬಾಸಿಡರಿನ ಪಾಟಾಗಳು ಗೋಡೆಗೆ ಒರಗಿವೆ. ಹಗುರ ಕಾರೊಂದರ ಸುರುಳಿ ಸ್ಪ್ರಿಂಗುಗಳನ್ನು ತಂದಿರುವ ತರುಣ ಈಗ ಚಾಲಕನ ಜಾಗದಲ್ಲಿ ಗೋವಿನಜೋಳದ ಚೀಲವಿಟ್ಟು, ಟೇಪು ಹಿಡಿದು, ಒಂದೊಂದು ಗಾಲಿಯ ಬಳಿಯೂ ಸ್ಪ್ರಿಂಗು ಎಷ್ಟು ಕುಗ್ಗಿತೆಂದು ಅಳೆಯುತ್ತಿದ್ದಾನೆ.